ಮೆಟ್ಟಿಲಿಲ್ಲದ ತಂತಿ

ನುರಿತವರು ಪಿಟೀಲು ನುಡಿಸುವಾಗ ಕಿವಿಗೊಟ್ಟು ಕೇಳಿದರೆ ಒಂದು ಸಂಗತಿ ತಿಳಿಯುತ್ತದೆ. ಕಮಾನು ಒಂದೇ ಸ್ವರದ ಮೇಲೆ ದೀರ್ಘವಾಗಿ ನಿಂತಾಗ ಆ ಸ್ವರ ಗೆರೆ ಎಳೆದಂತೆ ನೆಟ್ಟಗಿರುವುದಿಲ್ಲ. ಮೆಲುಗಾಳಿಗೆ ಕೆರೆಯ ನೀರಿನ ಮೇಲೆ ಏಳುವ ಸಣ್ಣ ಅಲೆಗಳಂತೆ ಅದು ತುಸು ಇಳಿದು, ಮತ್ತೆ ಏರಿ, ಮತ್ತೆ ಇಳಿದು ತೊನೆಯುತ್ತಿರುತ್ತದೆ. ಈ ಏರಿಳಿತ ಎಷ್ಟು ಸೂಕ್ಷ್ಮವೆಂದರೆ ಕೇಳುವವರಿಗೆ ಎರಡು ಸ್ವರಗಳು ಕೇಳಿಸುವುದಿಲ್ಲ; ಒಂದೇ ಸ್ವರಕ್ಕೆ ಜೀವ ಬಂದಂತೆ ತೋರುತ್ತದೆ. ಪಾಶ್ಚಾತ್ಯ ಸಂಗೀತದಲ್ಲಿ ಇದಕ್ಕೆ ವೈಬ್ರಾಟೊ ಎಂದು ಹೆಸರು. ಇದು ಇಟಾಲಿಯನ್ ಭಾಷೆಯ ಶಬ್ದ. ಕಂಪಿಸಿದ್ದು ಎಂಬುದು ಅದರ ಅರ್ಥ.

ನೋಡುವವರ ಕಣ್ಣಿಗೆ ಇದು ಸುಲಭದ ಕೆಲಸ. ತಂತಿಯನ್ನು ಒತ್ತಿದ ಬೆರಳು ಹಿಂದಕ್ಕೂ ಮುಂದಕ್ಕೂ ಹೊರಳುತ್ತದೆ, ಅಷ್ಟೆ. ಆದರೆ ಪಿಟೀಲು ಕಲಿಯುವವರು ಬಹು ತೊಡಕಿನದೆಂದು ಹೇಳುವ ಪಾಠಗಳಲ್ಲಿ ಇದೂ ಒಂದು. ಅದರಲ್ಲಿಯೂ ಮೊದಲೇ ಬೇರೊಂದು ತಂತಿವಾದ್ಯದಲ್ಲಿ ಪಳಗಿದವರ ಪಾಡು ವಿಚಿತ್ರವಾದುದು. ಅವರು ಕಲಿತ ವಿದ್ಯೆಯೇ ಒಮ್ಮೆ ಊರುಗೋಲಾಗುತ್ತದೆ, ಒಮ್ಮೆ ಕಾಲಿಗೆ ತೊಡಕಾಗುತ್ತದೆ.

ಹತ್ತು ವರ್ಷ ಗಿಟಾರ್ ನುಡಿಸಿ ಹೆಸರು ಪಡೆದ ಒಬ್ಬ ಯುವಕ ಪಿಟೀಲನ್ನು ಕೈಗೆತ್ತಿಕೊಂಡನೆಂದು ಭಾವಿಸಬಹುದು. ಅವನ ಬಳಿ ಬಂಡವಾಳ ಕಡಿಮೆಯಿಲ್ಲ. ತಾಳಜ್ಞಾನವಿದೆ, ಸ್ವರಜ್ಞಾನವಿದೆ. ಎಡಗೈಯ ಬೆರಳುಗಳು ಒಂದೊಂದೂ ಬೇರೆಬೇರೆಯಾಗಿ ಚಲಿಸಬಲ್ಲವು. ತಂತಿಯ ಮೇಲೆ ಒತ್ತಿ ಒತ್ತಿ ಬೆರಳ ತುದಿಗಳು ಜಡ್ಡುಗಟ್ಟಿವೆ. ಗಿಟಾರಿನಲ್ಲಿ ಸ್ವರವನ್ನು ತೊನೆಯಿಸುವುದೂ ಅವನಿಗೆ ಗೊತ್ತು. ಆದುದರಿಂದ ಈ ಒಂದು ಪಾಠವಾದರೂ ತನಗೆ ಬೇಗ ಕೈವಶವಾಗುವುದೆಂದು ಅವನು ನಂಬಿರುತ್ತಾನೆ. ಆದರೆ ಮೊದಲ ಪ್ರಯತ್ನದಲ್ಲಿ ಬೆರಳಿನೊಡನೆ ಇಡೀ ಪಿಟೀಲೇ ಅಲುಗುತ್ತದೆ. ಪಿಟೀಲು ಅಲುಗಿದಾಗ ಕಮಾನು ತಂತಿಯ ಮೇಲೆ ಕುಪ್ಪಳಿಸುತ್ತದೆ. ಹೊರಡುವ ನಾದ ಮೇಕೆಯ ಕೂಗನ್ನು ನೆನಪಿಗೆ ತರುತ್ತದೆ. ಪಕ್ಕದಲ್ಲಿ ಕುಳಿತ ಹತ್ತು ವರ್ಷದ ಬಾಲಕಿ ಅವನಿಗಿಂತ ಚೆನ್ನಾಗಿ ನುಡಿಸುತ್ತಿರಬಹುದು. ಹತ್ತು ವರ್ಷಗಳ ಸಾಧನೆ ಎಲ್ಲಿ ಹೋಯಿತು? ಈ ಪ್ರಶ್ನೆಗೆ ಉತ್ತರ ಎರಡು ವಾದ್ಯಗಳ ರಚನೆಯಲ್ಲಿಯೇ ಅಡಗಿದೆ.

ಗಿಟಾರಿನ ಕತ್ತಿನ ಮೇಲೆ ಲೋಹದ ಸಣ್ಣ ಅಡ್ಡಪಟ್ಟಿಗಳನ್ನು ಕೂರಿಸಿರುತ್ತಾರೆ. ನಮ್ಮ ವೀಣೆಯಲ್ಲಿಯೂ ಇಂತಹವು ಇಪ್ಪತ್ತನಾಲ್ಕು ಇರುತ್ತವೆ. ಅವನ್ನು ಮೆಟ್ಟಿಲುಗಳೆಂದು ಕರೆಯುತ್ತಾರೆ. ತಂತಿಯ ಮೇಲೆ ಬೆರಳನ್ನೊತ್ತಿದಾಗ ಅದು ಮೆಟ್ಟಿಲನ್ನು ತಾಗುತ್ತದೆ. ಅಲ್ಲಿಂದ ಕುದುರೆಯವರೆಗಿನ ಭಾಗ ಮಾತ್ರ ಕಂಪಿಸುತ್ತದೆ. ತಂತಿ ಉದ್ದವಾಗಿದ್ದರೆ ಸ್ವರ ತಗ್ಗು. ಗಿಡ್ಡವಾದಂತೆ ಸ್ವರ ಎತ್ತರ. ಗಿಟಾರಿನ ಒಂದೊಂದು ಮೆಟ್ಟಿಲೂ ಅದುವರೆಗೆ ಉಳಿದಿದ್ದ ಉದ್ದದಲ್ಲಿ ಸುಮಾರು ೧೮ರಲ್ಲಿ ಒಂದು ಪಾಲನ್ನು ಕಡಿಮೆ ಮಾಡಿ, ಸ್ವರವನ್ನು ಅರ್ಧ ಸ್ವರದಷ್ಟು ಏರಿಸುತ್ತದೆ. ೧೨ನೆಯ ಮೆಟ್ಟಿಲಿಗೆ ಬರುವ ವೇಳೆಗೆ ತಂತಿ ಸರಿಯಾಗಿ ಅರ್ಧವಾಗಿ, ಷಡ್ಜ ಮೇಲಿನ ಷಡ್ಜವನ್ನು ಮುಟ್ಟುತ್ತದೆ.

ಈ ಏರ್ಪಾಟಿನಲ್ಲಿ ಒಂದು ದೊಡ್ಡ ಅನುಕೂಲವಿದೆ. ತಂತಿಯ ಉದ್ದವನ್ನು ನಿರ್ಧರಿಸುವುದು ಮೆಟ್ಟಿಲೇ ಹೊರತು ಬೆರಳಲ್ಲ. ಎರಡು ಮೆಟ್ಟಿಲುಗಳ ನಡುವೆ ಬೆರಳನ್ನು ತುಸು ಹಿಂದೆ ಇಟ್ಟರೂ ಮುಂದೆ ಇಟ್ಟರೂ ಸ್ವರ ತಪ್ಪುವುದಿಲ್ಲ. ಆದರೆ ಇದೇ ಕಾರಣದಿಂದ, ಬೆರಳನ್ನು ಸುಮ್ಮನೆ ಹೊರಳಿಸಿದರೆ ಸ್ವರ ತೊನೆಯುವುದೂ ಇಲ್ಲ. ಗಿಟಾರ್ ವಾದಕ ಸ್ವರವನ್ನು ತೊನೆಯಿಸಬೇಕಾದರೆ ತಂತಿಯ ಬಿಗಿತವನ್ನೇ ಬದಲಿಸಬೇಕು. ಅದಕ್ಕೆ ಅವನಿಗೆ ಎರಡು ದಾರಿಗಳಿವೆ. ತಂತಿಯನ್ನು ಬದಿಗೆ ಎಳೆದು ಬಿಡುವುದು ಒಂದು. ವೈಣಿಕರು ಗಮಕಕ್ಕಾಗಿ ತಂತಿಯನ್ನು ಎಳೆಯುವುದೂ ಹೀಗೆಯೇ. ಹೀಗೆ ಎಳೆದಾಗ ಬಿಗಿತ ಹೆಚ್ಚಿ ಸ್ವರ ಮೇಲಕ್ಕೆ ಏರಬಲ್ಲುದು; ಮೂಲಸ್ಥಾನಕ್ಕಿಂತ ಕೆಳಗೆ ಇಳಿಯಲಾರದು. ಒತ್ತಿದ ಬೆರಳನ್ನು ತಂತಿಯ ನೇರದಲ್ಲಿಯೇ ಹಿಂದಕ್ಕೂ ಮುಂದಕ್ಕೂ ಜಗ್ಗುವುದು ಇನ್ನೊಂದು ದಾರಿ. ಆಗ ಬಿಗಿತ ಒಂದಿಷ್ಟು ಕೂಡಿ ಒಂದಿಷ್ಟು ಕಳೆದು ಸ್ವರ ಎರಡೂ ಕಡೆಗೆ ತೂಗುತ್ತದೆ. ದಾರಿ ಯಾವುದೇ ಆಗಲಿ, ಕೆಲಸ ನಡೆಯುವುದು ಬಲದಿಂದ. ಬೆರಳು ತಂತಿಯನ್ನು ಗಟ್ಟಿಯಾಗಿ ಹಿಡಿದಿರಬೇಕು. ಹಿಂದಿನಿಂದ ಹೆಬ್ಬೆರಳು ಅದಕ್ಕೆ ಆಸರೆ ಕೊಡಬೇಕು.

ಪಿಟೀಲಿನಲ್ಲಿ ಮೆಟ್ಟಿಲುಗಳಿಲ್ಲ. ನುಣುಪಾದ ಕರಿಮರದ ಹಲಗೆಯ ಮೇಲೆ ಬೆರಳು ಎಲ್ಲಿ ಊರುವುದೋ ಅಲ್ಲಿಯೇ ಸ್ವರ. ಹೀಗಾಗಿ ಇಲ್ಲಿ ಬಿಗಿತವನ್ನು ಬದಲಿಸುವ ಅಗತ್ಯವೇ ಇಲ್ಲ. ಉದ್ದವನ್ನು ಬದಲಿಸಿದರೆ ಸಾಕು. ಎಷ್ಟು ಬದಲಿಸಬೇಕೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಪಿಟೀಲಿನ ತಂತಿ ಕುದುರೆಯವರೆಗೆ ಸುಮಾರು ೩೨.೫ ಸೆಂಟಿಮೀಟರ್ ಉದ್ದವಿರುತ್ತದೆ. ಗಿಟಾರಿನ ತಂತಿ ಸುಮಾರು ೬೫ ಸೆಂಟಿಮೀಟರ್, ಎಂದರೆ ಇದರ ಎರಡರಷ್ಟು. ಪಾಶ್ಚಾತ್ಯ ಪದ್ಧತಿಯಲ್ಲಿ ಸೆಕೆಂಡಿಗೆ ೪೪೦ ಕಂಪನಗಳಿಗೆ ಕೂಡಿಸಿದ ಪಿಟೀಲಿನ ತಂತಿಯ ಮೇಲೆ ತೋರುಬೆರಳನ್ನು ಅದರ ಸ್ಥಾನದಲ್ಲಿಟ್ಟರೆ, ಉಳಿಯುವ ತಂತಿಯ ಉದ್ದ ಸುಮಾರು ೨೯ ಸೆಂಟಿಮೀಟರ್. ಕಂಪನಗಳು ಸುಮಾರು ೪೯೪. ಆ ಬೆರಳ ತುದಿ ಕೇವಲ ೩ ಮಿಲಿಮೀಟರ್ ಹಿಂದಕ್ಕೆ ಹೊರಳಿದರೆ ತಂತಿಯ ಉದ್ದ ನೂರಕ್ಕೆ ಒಂದು ಪಾಲು ಹೆಚ್ಚಿ, ಕಂಪನಗಳು ಸುಮಾರು ೪೮೯ಕ್ಕೆ ಇಳಿಯುತ್ತವೆ. ಇದು ಅರ್ಧ ಸ್ವರದ ಆರನೆಯ ಒಂದು ಪಾಲಿನಷ್ಟು ಇಳಿತ. ಸ್ವರಕ್ಕೆ ಜೀವ ಬಂದಂತೆ ತೋರಲು ಇಷ್ಟು ಸಾಕು. ಮೂರು ಮಿಲಿಮೀಟರ್ ಎಂದರೆ ಒಂದು ಕಡಲೆಬೇಳೆಯ ಅಗಲಕ್ಕಿಂತಲೂ ಕಡಿಮೆ. ಗಿಟಾರಿನಲ್ಲಿ ಕಲಿತ ಬಲವನ್ನೆಲ್ಲ ಇಲ್ಲಿ ಸುರಿದರೆ ಆಗುವುದು ಕೆಡುಕೇ ಹೊರತು ಒಳಿತಲ್ಲ.

ಎರಡನೆಯ ತೊಡಕು ವಾದ್ಯವನ್ನು ಹಿಡಿಯುವ ಬಗೆಯಲ್ಲಿದೆ. ಗಿಟಾರ್ ತೊಡೆಯ ಮೇಲೆ ಕುಳಿತಿರುತ್ತದೆ, ಇಲ್ಲವೆ ಹೆಗಲಿನ ಪಟ್ಟಿಯಿಂದ ತೂಗುತ್ತಿರುತ್ತದೆ. ಎಡಗೈಗೆ ಅದನ್ನು ಹೊರುವ ಕೆಲಸವಿಲ್ಲ. ಪಿಟೀಲನ್ನಾದರೋ ಪಾಶ್ಚಾತ್ಯರು ಕತ್ತಿನ ಬಳಿ ಎಡಹೆಗಲಿನ ಮೇಲಿಟ್ಟು ಗದ್ದವನ್ನು ಊರಿ ನಿಲ್ಲಿಸುತ್ತಾರೆ. ಹೊಸದಾಗಿ ಹಿಡಿದವನಿಗೆ ಅದು ಜಾರಿ ಬೀಳುವುದೆಂಬ ಭಯ. ಆ ಭಯದಲ್ಲಿ ಅವನು ಹೆಬ್ಬೆರಳು ಮತ್ತು ತೋರುಬೆರಳಿನ ಬುಡದ ನಡುವೆ ಪಿಟೀಲಿನ ಕತ್ತನ್ನು ಇಕ್ಕಳದಲ್ಲಿ ಹಿಡಿದಂತೆ ಅಮುಕುತ್ತಾನೆ. ಗಿಟಾರ್ ವಾದಕನ ಹೆಬ್ಬೆರಳಿಗೆ ಅಮುಕುವ ಅಭ್ಯಾಸ ಮೊದಲೇ ಇರುವುದರಿಂದ ಅವನ ಹಿಡಿತ ಮತ್ತಷ್ಟು ಬಿಗಿ. ಇಕ್ಕಳದಲ್ಲಿ ಸಿಕ್ಕ ಕೈ ತೊನೆಯಲಾರದು. ಬಲವಂತದಿಂದ ತೊನೆಯಿಸಿದರೆ ಕೈಯ ಜೊತೆಗೆ ವಾದ್ಯವೂ ಅಲುಗುತ್ತದೆ. ಮೇಕೆಯ ಕೂಗಿಗೆ ಇದೇ ಕಾರಣ.

ವಾದ್ಯವನ್ನು ಹೊರುವ ಭಾರದಿಂದ ಎಡಗೈಗೆ ಬಿಡುಗಡೆ ಕೊಡಬೇಕೆಂಬುದು ಹಿಂದಿನವರಿಗೂ ಹೊಳೆದಿತ್ತು. ಜರ್ಮನಿಯ ಪಿಟೀಲು ವಾದಕ ಲೂಯಿ ಸ್ಪೋರ್ ೧೮೨೦ರ ಸುಮಾರಿಗೆ ಗದ್ದವನ್ನು ಊರಲು ಪಿಟೀಲಿನ ಮೇಲೆ ಒಂದು ಪುಟ್ಟ ಆಸರೆಯನ್ನು ಅಳವಡಿಸಿದನು. ಇಂದು ಅದಿಲ್ಲದ ಪಿಟೀಲನ್ನು ಕಾಣುವುದು ಅಪರೂಪ. ಕರ್ನಾಟಕ ಸಂಗೀತದವರು ಇದೇ ಸಮಸ್ಯೆಯನ್ನು ಬೇರೊಂದು ಬಗೆಯಲ್ಲಿ ಬಿಡಿಸಿದರು. ಅವರು ನೆಲದ ಮೇಲೆ ಕುಳಿತು, ಪಿಟೀಲಿನ ಒಂದು ಕೊನೆಯನ್ನು ಎದೆಗೂ ಹೆಗಲಿಗೂ ಒರಗಿಸಿ, ಸುರುಳಿಯಿರುವ ಇನ್ನೊಂದು ಕೊನೆಯನ್ನು ಬಲಪಾದದ ಮೇಲೆ ಊರುತ್ತಾರೆ. ಎರಡು ಕಡೆಯೂ ಆಸರೆ ಸಿಕ್ಕುವುದರಿಂದ ಅವರ ಎಡಗೈ ತಂತಿಯ ಉದ್ದಕ್ಕೂ ನಿರಾತಂಕವಾಗಿ ಜಾರಬಲ್ಲುದು.

ಮೂರನೆಯ ತೊಡಕು ಎರಡು ಕೈಗಳ ಸಂಬಂಧಕ್ಕೆ ಸೇರಿದ್ದು. ಗಿಟಾರಿನ ತಂತಿಯನ್ನು ಒಮ್ಮೆ ಮೀಟಿದರೆ ಬಲಗೈಯ ಕೆಲಸ ಮುಗಿಯಿತು. ನಾದ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ಎಡಗೈ ಅದನ್ನು ಎಷ್ಟು ಜಗ್ಗಿದರೂ ಬಲಗೈಗೆ ಚಿಂತೆಯಿಲ್ಲ. ಪಿಟೀಲಿನಲ್ಲಿ ಕಮಾನು ಎಳೆಯುವಷ್ಟು ಹೊತ್ತೂ ನಾದ ಬಾಳುತ್ತದೆ. ಎಡಗೈ ತೊನೆಯುತ್ತಿರುವಾಗಲೇ ಬಲಗೈ ನೇರವಾಗಿ, ಒಂದೇ ತೂಕದಲ್ಲಿ, ಒಂದೇ ವೇಗದಲ್ಲಿ ಸಾಗುತ್ತಿರಬೇಕು. ಒಂದು ಕೈಯಲ್ಲಿ ತೊಟ್ಟಿಲನ್ನು ತೂಗುತ್ತ ಇನ್ನೊಂದು ಕೈಯಲ್ಲಿ ನೇರವಾದ ಗೆರೆ ಎಳೆಯಲು ಹೊರಟವರಿಗೆ ಇದರ ಕಷ್ಟ ಅರ್ಥವಾದೀತು.

ಹಾಗಾದರೆ ಕಲಿಯುವುದು ಹೇಗೆ? ಅನುಭವಿಗಳಾದ ಶಿಕ್ಷಕರು ಈ ಕೆಲಸವನ್ನು ತುಂಡುತುಂಡಾಗಿ ಒಡೆದು ಕಲಿಸುತ್ತಾರೆ. ಮೊದಲಿಗೆ ಪಿಟೀಲೂ ಬೇಡ, ಕಮಾನೂ ಬೇಡ. ಸಣ್ಣ ಡಬ್ಬಿಯೊಂದರಲ್ಲಿ ನಾಲ್ಕು ಕಾಳುಗಳನ್ನು ಹಾಕಿ, ಎಡಗೈಯಲ್ಲಿ ಸಡಿಲವಾಗಿ ಹಿಡಿದು, ಮುಖದತ್ತ ಒಮ್ಮೆ, ಹೊರಕ್ಕೆ ಒಮ್ಮೆ ತಾಳಬದ್ಧವಾಗಿ ಅಲುಗಿಸಿದರೆ ಸಾಕು. ಕಾಳಿನ ಸದ್ದು ಸಮವಾಗಿ ಬಂದರೆ ಮುಂಗೈ ಬಿಗಿಯಿಲ್ಲದೆ ತೂಗುತ್ತಿದೆಯೆಂದು ಅರ್ಥ. ಆಮೇಲೆ ಪಿಟೀಲನ್ನು ಹಿಡಿದು, ತಂತಿಯ ಮೇಲಿನ ಧೂಳನ್ನು ಒರೆಸುವಂತೆ ಬೆರಳನ್ನು ಹಗುರಾಗಿ ಮೇಲಕ್ಕೂ ಕೆಳಕ್ಕೂ ಜಾರಿಸುವುದು. ಜಾರುವ ದೂರವನ್ನು ಕ್ರಮೇಣ ಕಿರಿದು ಮಾಡುತ್ತ ಬಂದು, ಕೊನೆಗೆ ಬೆರಳ ತುದಿ ಒಂದೇ ಕಡೆ ನಿಂತು ಕೈ ಮಾತ್ರ ತೂಗುವ ಹಂತವನ್ನು ಮುಟ್ಟುವುದು. ವಾದ್ಯ ಬೀಳುವುದೆಂಬ ಭಯ ಇನ್ನೂ ಉಳಿದಿದ್ದರೆ ಪಿಟೀಲಿನ ಸುರುಳಿಯನ್ನು ಮೆತ್ತನೆಯ ಬಟ್ಟೆಯ ಆಸರೆಯಿಂದ ಗೋಡೆಗೆ ಒರಗಿಸುವುದುಂಟು.

ಇದಾದ ಮೇಲೆ ಕಮಾನಿನ ಸರದಿ. ನಿಮಿಷಕ್ಕೆ ೬೦ ಬಾರಿ ತಟ್ಟುವ ಮೆಟ್ರೊನೋಮನ್ನು ಎದುರಿಗಿಟ್ಟುಕೊಂಡು, ಒಂದು ತಟ್ಟಿಗೆ ಒಂದು ತೂಗು, ಅನಂತರ ಎರಡು, ಮೂರು, ನಾಲ್ಕು ಎಂದು ಏರಿಸುತ್ತ ಹೋಗಬೇಕು. ಬೆರಳು ಸ್ವರಸ್ಥಾನದಿಂದ ಹಿಂದಕ್ಕೆ ಹೊರಳಿ ಮತ್ತೆ ಅಲ್ಲಿಗೇ ಮರಳಬೇಕೆಂದು ಬಹುಮಂದಿ ಶಿಕ್ಷಕರು ವಿಧಿಸುತ್ತಾರೆ. ಬದಿಗೆ ಎಳೆದು ಸ್ವರವನ್ನು ಮೇಲಕ್ಕೇರಿಸುವ ಗಿಟಾರಿನ ಅಭ್ಯಾಸಕ್ಕೆ ಇದು ತೀರ ವಿರುದ್ಧವಾದ ಚಲನೆ. ನಡುಬೆರಳು ಮತ್ತು ಉಂಗುರ ಬೆರಳುಗಳಲ್ಲಿ ಇದು ಬೇಗ ಸಿದ್ಧಿಸುತ್ತದೆ. ತೋರುಬೆರಳು ಮತ್ತು ಕಿರುಬೆರಳು ತಡವಾಗಿ ಮಾತು ಕೇಳುತ್ತವೆ. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರಜ್ಞ ಕಾರ್ಲ್ ಸೀಶೋರ್ ೧೯೩೦ರ ದಶಕದಲ್ಲಿ ಪ್ರಸಿದ್ಧ ಕಲಾವಿದರ ವಾದನವನ್ನು ಅಳೆದು ನೋಡಿ, ವೈಬ್ರಾಟೊ ಸೆಕೆಂಡಿಗೆ ಸುಮಾರು ೬ ರಿಂದ ೭ ಬಾರಿ ತೂಗುವುದೆಂದು ತೋರಿಸಿದನು. ಆ ವೇಗವನ್ನು ಮುಟ್ಟಲು ಕಲಿಯುವವನು ಒಂದು ತಟ್ಟಿಗೆ ಒಂದು ತೂಗಿನಿಂದಲೇ ಹೊರಡಬೇಕು. ಅವಸರಪಟ್ಟು ಮೊದಲೇ ವೇಗಕ್ಕೆ ಕೈಹಾಕಿದವನ ಕೈ ಸೆಟೆಯುತ್ತದೆ. ಸೆಟೆದ ಕೈಯ ನಡುಕ ನಿಜವಾದ ವೈಬ್ರಾಟೊ ಅಲ್ಲ.

ಈ ದಾರಿಯಲ್ಲಿ ಗಿಟಾರ್ ಬಲ್ಲ ಯುವಕನಿಗೆ ಎದುರಾಗುವ ಪರೀಕ್ಷೆ ಕೈಯದು ಮಾತ್ರವಲ್ಲ. ವಾರಗಳು ಕಳೆದರೂ ಕೈ ಮಣಿಯುವುದಿಲ್ಲ. ನಾಲ್ಕು ಜನರ ನಡುವೆ ಗಿಟಾರ್ ಹಿಡಿದು ಮೆಚ್ಚುಗೆ ಪಡೆದವನು ಈಗ ಬಾಗಿಲು ಹಾಕಿಕೊಂಡು ಡಬ್ಬಿಯಲ್ಲಿ ಕಾಳು ಅಲುಗಿಸುತ್ತ ಕೂರಬೇಕು. ಗಿಟಾರ್ ಗೋಡೆಗೊರಗಿ ನಿಂತೇ ಇರುತ್ತದೆ. ಅದನ್ನು ಎತ್ತಿಕೊಂಡರೆ ಕಳೆದುಹೋದ ಗೌರವ ಆ ಕ್ಷಣವೇ ಹಿಂದಿರುಗುತ್ತದೆ. ಅನೇಕರು ಪಿಟೀಲನ್ನು ಪೆಟ್ಟಿಗೆಗೆ ಸೇರಿಸುವುದು ಈ ಘಟ್ಟದಲ್ಲಿಯೇ. ಏನೂ ತಿಳಿಯದ ಬಾಲಕಿಗೆ ತಪ್ಪು ನುಡಿಸಲು ನಾಚಿಕೆಯಿಲ್ಲ. ತಿಳಿದವನಿಗೆ ತಪ್ಪು ಕೂಡಲೆ ಕೇಳಿಸುತ್ತದೆ. ಅದು ತನ್ನ ಕೈಯಿಂದಲೇ ಹೊರಡುತ್ತಿದೆಯೆಂಬುದು ನೋಯಿಸುತ್ತದೆ. ಆದರೆ ಹಾಗೆ ಕೇಳಿಸುವ ಕಿವಿಯೇ ಅವನ ನಿಜವಾದ ಆಸ್ತಿ. ಗಿಟಾರಿನಲ್ಲಿ ಮೆಟ್ಟಿಲು ಮಾಡುತ್ತಿದ್ದ ಕೆಲಸವನ್ನು ಪಿಟೀಲಿನಲ್ಲಿ ಮಾಡಬೇಕಾದದ್ದು ಕಿವಿ. ಹತ್ತು ವರ್ಷ ಪಳಗಿದ ಆ ಕಿವಿಯನ್ನು ನಂಬಿ, ಹೆಬ್ಬೆರಳಿನ ಬಿಗಿತವನ್ನು ದಿನಕ್ಕಿಷ್ಟು ಬಿಡುತ್ತ ಹೋದವನಿಗೆ ಒಂದು ದಿನ ಎರಡೋ ಮೂರೋ ತೂಗುಗಳು ತಾವಾಗಿ ಸುಸೂತ್ರವಾಗಿ ಬರುತ್ತವೆ. ಮರುಕ್ಷಣ ಅವು ತಪ್ಪಿಹೋಗಬಹುದು. ಆದರೆ ಒಮ್ಮೆ ಬಂದದ್ದು ಮತ್ತೆ ಬರುತ್ತದೆ. ಅನಂತರದ್ದು ಸಾಧನೆಯ ಮಾತು.

ಕೈಗೆ ಬಂದ ಮೇಲೆ ಅದನ್ನು ಎಲ್ಲಿ ಬಳಸಬೇಕೆಂಬ ವಿವೇಕವೂ ಬೇಕು. ಈ ವಿಷಯದಲ್ಲಿ ದೊಡ್ಡವರಲ್ಲಿಯೇ ಒಮ್ಮತವಿರಲಿಲ್ಲ. ಇಟಲಿಯ ಜೆಮಿನಿಯಾನಿ ೧೭೫೧ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಸಾಧ್ಯವಾದಷ್ಟೂ ಹೆಚ್ಚಾಗಿ ಬಳಸಬೇಕೆಂದನು. ಸಂಗೀತಗಾರ ಮೊಟ್ಸಾರ್ಟನ ತಂದೆ ಲಿಯೋಪೋಲ್ಡ್ ಮೊಟ್ಸಾರ್ಟ್ ೧೭೫೬ರ ತನ್ನ ಗ್ರಂಥದಲ್ಲಿ, ಪ್ರತಿಯೊಂದು ಸ್ವರವನ್ನೂ ನಡುಗಿಸುವವರನ್ನು ಜ್ವರಪೀಡಿತರಿಗೆ ಹೋಲಿಸಿ ಪರಿಹಾಸ್ಯ ಮಾಡಿದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಿಟ್ಸ್ ಕ್ರೈಸ್ಲರ್ ಎಡೆಬಿಡದ ವೈಬ್ರಾಟೊದಿಂದ ಜನರ ಮನ ಸೆಳೆದನು. ಶಿಕ್ಷಕರಲ್ಲಿ ಶ್ರೇಷ್ಠನೆನಿಸಿದ ಲಿಯೋಪೋಲ್ಡ್ ಔಯರ್ ಅಂತಹ ಎಡೆಬಿಡದ ಬಳಕೆಯನ್ನು ೧೯೨೧ರ ತನ್ನ ಪುಸ್ತಕದಲ್ಲಿ ಖಂಡಿಸಿದನು. ಕರ್ನಾಟಕ ಸಂಗೀತದಲ್ಲಿ ನಿಯಮವೇ ಬೇರೆ. ಇಲ್ಲಿ ಯಾವ ಸ್ವರ ತೂಗಬೇಕು, ಎಷ್ಟು ತೂಗಬೇಕು, ಯಾವುದು ನಿಶ್ಚಲವಾಗಿ ನಿಲ್ಲಬೇಕು ಎಂಬುದನ್ನು ರಾಗ ತೀರ್ಮಾನಿಸುತ್ತದೆ. ಗಮಕ ರಾಗದ ರೂಪದ ಒಂದು ಅಂಗ. ಎಲ್ಲ ಸ್ವರಗಳ ಮೇಲೂ ಸಮನಾಗಿ ಬಳಿಯುವ ಬಣ್ಣವಲ್ಲ.

ಬಲ್ಲವರು ಮತ್ತೆ ಕಲಿಯಲು ಕುಳಿತ ಉದಾಹರಣೆಗಳು ಈ ವಾದ್ಯದ ಚರಿತ್ರೆಯಲ್ಲಿಯೇ ಇವೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪರದೇಶದ ಈ ವಾದ್ಯವನ್ನು ಅಭ್ಯಾಸ ಮಾಡಿ ನಮ್ಮ ಸಂಗೀತಕ್ಕೆ ಒಗ್ಗಿಸಿದರು. ತಿರುಮಕೂಡಲು ನರಸೀಪುರದಲ್ಲಿ ೧೮೯೫ರಲ್ಲಿ ಜನಿಸಿದ ಮೈಸೂರು ಟಿ. ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಧ್ವನಿವರ್ಧಕಗಳಿಲ್ಲದ ಸಭೆಗಳಲ್ಲಿ ಪಿಟೀಲಿನ ನಾದ ಹಿಂದಿನ ಸಾಲುಗಳಿಗೆ ಮುಟ್ಟುವುದಿಲ್ಲವೆಂದು ಅವರು ೧೯೨೭ರಲ್ಲಿ ನಾಲ್ಕು ತಂತಿಗಳ ಬದಲು ಏಳು ತಂತಿಗಳ ಪಿಟೀಲನ್ನು ರೂಪಿಸಿದರು. ನಾಲ್ಕು ತಂತಿಗಳ ಮೇಲೆ ಪಳಗಿದ ಬೆರಳುಗಳಿಗೆ ಏಳು ತಂತಿಗಳು ಹೊಸ ಪಾಠವೇ ಸರಿ. ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನ ೧೯೮೦ರಿಂದ ಅವರ ನೆನಪನ್ನು ಉಳಿಸಿದೆ. ಇತ್ತ ಯೂರೋಪಿನಲ್ಲಿ, ಪಿಟೀಲಿನ ಮಾಂತ್ರಿಕನೆಂದು ಹೆಸರಾದ ಪಗನಿನಿ ಗಿಟಾರನ್ನೂ ನುಡಿಸುತ್ತಿದ್ದನು. ಎರಡೂ ವಾದ್ಯಗಳು ಜೊತೆಗೂಡಿ ನುಡಿಯುವ ಕೃತಿಗಳನ್ನೂ ರಚಿಸಿದನು. ಒಂದು ವಾದ್ಯ ಇನ್ನೊಂದಕ್ಕೆ ಶತ್ರುವಲ್ಲವೆಂಬುದಕ್ಕೆ ಅವನ ಬಾಳೇ ಸಾಕ್ಷಿ.

ಮೆಟ್ಟಿಲುಗಳಿರುವ ವಾದ್ಯದಿಂದ ಮೆಟ್ಟಿಲಿಲ್ಲದ ವಾದ್ಯಕ್ಕೆ ಬಂದವನು ಕಳೆದುಕೊಳ್ಳುವುದು ಸ್ವಲ್ಪ ಕಾಲದ ಪ್ರತಿಷ್ಠೆಯನ್ನು ಮಾತ್ರ. ಕೆಲವು ತಿಂಗಳ ತರುವಾಯ ಆ ಯುವಕ ಗಿಟಾರನ್ನು ಮತ್ತೆ ಕೈಗೆತ್ತಿಕೊಂಡಾಗ ಅವನ ಹೆಬ್ಬೆರಳು ಮೊದಲಿನಷ್ಟು ಅಮುಕುವುದಿಲ್ಲ. ಮೆಟ್ಟಿಲು ಕೊಟ್ಟ ಸ್ವರವನ್ನು ಅವನ ಕಿವಿ ಪರೀಕ್ಷಿಸದೆ ಒಪ್ಪಿಕೊಳ್ಳುವುದೂ ಇಲ್ಲ. ಹತ್ತು ವರ್ಷ ಜೊತೆಗಿದ್ದ ವಾದ್ಯವೂ ಅವನಿಗೆ ಈಗ ತುಸು ಹೊಸದಾಗಿ ಕೇಳಿಸುತ್ತದೆ.